ಕಡಿಮೆ ನೀರಿನಲ್ಲಿ ಫಿಲ್ಮ್ ತೊಳೆಯುವ ಕ್ರಮ: ಕೊಡಗಿನ ಮನೆಯ ಡಾರ್ಕ್‌ರೂಮಿಗೆ

ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ಡೆವಲಪ್ ಮಾಡಿಕೊಳ್ಳುವವರು ಡೆವಲಪರಿನ ಅಳತೆಯನ್ನೂ ಅದರ ಉಷ್ಣತೆಯನ್ನೂ ಬಹಳ ನಿಗಾ ವಹಿಸಿ ನೋಡಿಕೊಳ್ಳುತ್ತಾರೆ. ಕೊನೆಗೆ ನೀರಿನಲ್ಲಿ ತೊಳೆಯುವ ಹಂತ ಬಂದಾಗ ಮಾತ್ರ ಫಿಲ್ಮ್ ಡೆವಲಪ್ ಮಾಡುವ ಚಿಕ್ಕ ಟ್ಯಾಂಕಿನ ಮುಚ್ಚಳ ತೆಗೆದು ನಲ್ಲಿಯ ಕೆಳಗಿಟ್ಟು, ನೀರು ಬಿಟ್ಟು, ಅರ್ಧ ಗಂಟೆ ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ. ಬಚ್ಚಲಿನ ನಲ್ಲಿ 15 ಲೀಟರಿನ ಬಕೆಟ್ಟನ್ನು ಮೂರು ನಿಮಿಷದಲ್ಲಿ ತುಂಬಿಸುತ್ತದೆ ಎಂದಿಟ್ಟುಕೊಂಡರೆ, ಆ ಅರ್ಧ ಗಂಟೆಯಲ್ಲಿ 150 ಲೀಟರ್ ನೀರು ಚರಂಡಿ ಸೇರಿರುತ್ತದೆ. 36 ಚಿತ್ರಗಳ ಒಂದು ರೋಲಿಗೆ ಇಷ್ಟು ನೀರು ಎಂದೂ ಬೇಕಾಗಿಲ್ಲ. ಎರಡು ಲೀಟರಿಗೂ ಕಡಿಮೆ ನೀರಿನಲ್ಲಿ ಅದೇ ಕೆಲಸ ಅಷ್ಟೇ ಚೆನ್ನಾಗಿ, ಕೆಲವೊಮ್ಮೆ ಇನ್ನೂ ಚೆನ್ನಾಗಿ ಆಗುತ್ತದೆ.

ಕೊಡಗಿನಂಥ ಮಳೆಯ ನಾಡಿನಲ್ಲಿ ನೀರಿನ ಲೆಕ್ಕವೇಕೆ ಎಂದು ಹೊರಗಿನವರು ಕೇಳಬಹುದು. ಇಲ್ಲಿಯವರಿಗೆ ಆ ಪ್ರಶ್ನೆ ಏಳುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೆರೆಯ ನೀರೆಲ್ಲ ಸ್ಪ್ರಿಂಕ್ಲರ್ ಮೂಲಕ ಕಾಫಿ ತೋಟಕ್ಕೆ ಹೋಗುತ್ತಿರುತ್ತದೆ, ಬಾವಿಯ ತಳ ಕಾಣತೊಡಗಿರುತ್ತದೆ. ಆ ದಿನಗಳಲ್ಲಿ ಮನೆಯವರ ಎದುರು ನಲ್ಲಿ ಬಿಟ್ಟು ಫಿಲ್ಮ್ ತೊಳೆಯುವ ಧೈರ್ಯ ಯಾರಿಗೂ ಬರಲಾರದು. ಮಳೆಗಾಲದ್ದು ಇನ್ನೊಂದು ಬಗೆಯ ತೊಂದರೆ. ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕರೆಂಟು ಇಲ್ಲದಿದ್ದರೆ ಪಂಪು ಓಡುವುದಿಲ್ಲ, ತಾರಸಿಯ ಟ್ಯಾಂಕು ಬರಿದಾಗುತ್ತದೆ, ಹೊರಗೆ ಧೋ ಎಂದು ಸುರಿಯುತ್ತಿದ್ದರೂ ನಲ್ಲಿಯಲ್ಲಿ ನೀರಿರುವುದಿಲ್ಲ. ಎರಡು ಕಾಲಕ್ಕೂ ಹೊಂದುವ ಕ್ರಮವೆಂದರೆ ಹರಿಯುವ ನೀರನ್ನು ಬಿಟ್ಟು, ಅಳೆದ ನೀರನ್ನು ತುಂಬಿ ಚೆಲ್ಲುವ ಕ್ರಮ.

ಫಿಲ್ಮಿನಿಂದ ಹೊರಹೋಗಬೇಕಾದುದು ಏನು

ಡೆವಲಪ್ ಆದ ಚಿತ್ರ ಬೆಳಕಿನಲ್ಲಿ ಕೆಡದಂತೆ ನಿಲ್ಲಿಸುವ ದ್ರಾವಣವೇ ಫಿಕ್ಸರ್; ಅದರಲ್ಲಿರುವ ಮುಖ್ಯ ವಸ್ತು ಥಯೋಸಲ್ಫೇಟ್. ಬೆಳ್ಳಿಯ ಲವಣಗಳನ್ನು ಥಯೋಸಲ್ಫೇಟ್ ಕರಗಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ, ಅಂದರೆ ಛಾಯಾಗ್ರಹಣ ಬಳಕೆಗೆ ಬರುವುದಕ್ಕೆ ಎರಡು ದಶಕ ಮೊದಲೇ, ಕಂಡುಕೊಂಡಿದ್ದನು. ಸ್ಟುಡಿಯೋದವರು ಹೈಪೋ ಎಂದು ಕರೆಯುವುದು ಸೋಡಿಯಂ ಥಯೋಸಲ್ಫೇಟನ್ನು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ರ‍್ಯಾಪಿಡ್ ಫಿಕ್ಸರುಗಳಲ್ಲಿ ಅಮೋನಿಯಂ ಥಯೋಸಲ್ಫೇಟ್ ಇರುತ್ತದೆ. ಬೆಳಕು ತಾಗದೆ, ಡೆವಲಪ್ ಆಗದೆ ಉಳಿದ ಬೆಳ್ಳಿಯ ಲವಣಗಳನ್ನು ಇದು ಕರಗುವ ಸಂಯುಕ್ತಗಳಾಗಿ ಮಾರ್ಪಡಿಸುತ್ತದೆ. ಫಿಕ್ಸರನ್ನು ಬಾಟಲಿಗೆ ಹಿಂದೆ ಸುರಿದ ಮೇಲೂ ನೆನೆದು ಉಬ್ಬಿರುವ ಜೆಲಟಿನ್ ಪದರದೊಳಗೆ ಸ್ವಲ್ಪ ಥಯೋಸಲ್ಫೇಟ್ ಮತ್ತು ಸ್ವಲ್ಪ ಬೆಳ್ಳಿಯ ಸಂಯುಕ್ತ ಉಳಿದಿರುತ್ತವೆ. ಇವನ್ನು ಹೊರಹಾಕದಿದ್ದರೆ ಕಾಲ ಕಳೆದಂತೆ ವಿಭಜನೆಗೊಂಡು, ಅವುಗಳ ಗಂಧಕ ಚಿತ್ರದ ಬೆಳ್ಳಿಯ ಮೇಲೆ ಕೆಲಸ ಮಾಡಿ, ನೆಗೆಟಿವ್ ಹಳದಿ ಕಂದು ಬಣ್ಣಕ್ಕೆ ತಿರುಗುತ್ತದೆ, ಚಿತ್ರ ಮಸುಕಾಗುತ್ತದೆ. ತೇವವಿರುವ ಗಾಳಿಯಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಬೀರುವಿನಲ್ಲಿಟ್ಟ ಬಟ್ಟೆಗೂ ಬೂಸ್ಟು ಹಿಡಿಯುವ ನಮ್ಮ ಊರುಗಳಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳಲಾಗದು. ನೀರು ಉಳಿಸಬೇಕೆಂದು ಅರ್ಧಂಬರ್ಧ ತೊಳೆಯುವುದಕ್ಕಿಂತ ಆ ನೀರನ್ನು ಚೆಲ್ಲುವುದೇ ಮೇಲು.

ಜೆಲಟಿನ್ನಿನೊಳಗಿನ ಥಯೋಸಲ್ಫೇಟನ್ನು ನೀರಿನ ರಭಸ ಕೆರೆದು ತೆಗೆಯುವುದಿಲ್ಲ. ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ತಾನಾಗಿಯೇ ಸರಿದು ಬರುತ್ತದೆ. ಒಳಗೂ ಹೊರಗೂ ಸಾಂದ್ರತೆ ಸಮನಾಗುವವರೆಗೆ ಈ ಸರಿದಾಟ ನಡೆದು, ಸಮನಾದ ಮೇಲೆ ನಿಂತುಬಿಡುತ್ತದೆ. ಆಗ ಆ ನೀರನ್ನು ಚೆಲ್ಲಿ ಹೊಸ ನೀರು ಹಾಕಿದರೆ ಮತ್ತೆ ಶುರುವಾಗುತ್ತದೆ. ಫಿಲ್ಮಿನ ಎಮಲ್ಷನ್, ಅಂದರೆ ಚಿತ್ರ ಮೂಡುವ ಈ ಜೆಲಟಿನ್ ಪದರ, ತಲೆಗೂದಲಿಗಿಂತ ತೆಳುವಾದ್ದರಿಂದ, ಅದರ ಹಿಂದಿನ ಪ್ಲಾಸ್ಟಿಕ್ ತಳ ದ್ರಾವಣವನ್ನು ಹೀರಿಕೊಳ್ಳದ್ದರಿಂದ, ಒಂದೊಂದು ಸಲಕ್ಕೂ ಕೆಲವು ನಿಮಿಷಗಳು ಸಾಕು. ಗಂಟೆಗಟ್ಟಲೆ ತೊಳೆಯಬೇಕೆಂಬ ಹಳೆಯ ಮಾತು ಫೈಬರ್ ಕಾಗದದ ಪ್ರಿಂಟುಗಳಿಗೆ ಸಲ್ಲುವಂಥದು. ಕಾಗದದ ನಾರು ಫಿಕ್ಸರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಫಿಲ್ಮಿನಲ್ಲಿ ಅಂಥ ನಾರು ಇಲ್ಲ.

ಈಗ ಲೆಕ್ಕ ನೋಡೋಣ. 35 ಮಿ.ಮೀ. ಫಿಲ್ಮಿನ ಒಂದು ರೀಲು ಮುಳುಗಲು ಪ್ಯಾಟರ್ಸನ್ ಮಾದರಿಯ ಟ್ಯಾಂಕಿಗೆ ಸುಮಾರು 300 ಮಿ.ಲೀ. ದ್ರವ ಬೇಕು. ಚೆಲ್ಲಿದ ಮೇಲೆ ರೀಲಿನ ಸಂದಿಗಳಲ್ಲಿ, ಟ್ಯಾಂಕಿನ ಗೋಡೆಗೆ, ಫಿಲ್ಮಿನ ಮೈಗೆ ಅಂಟಿಕೊಂಡು 15 ಮಿ.ಲೀ. ಉಳಿಯಿತೆನ್ನಿ. ಅದರ ಮೇಲೆ 300 ಮಿ.ಲೀ. ಹೊಸ ನೀರು ಹಾಕಿ, ಸಮನಾಗುವಷ್ಟು ಹೊತ್ತು ಬಿಟ್ಟು ಚೆಲ್ಲಿದರೆ ಫಿಕ್ಸರಿನ ಅಂಶ ಸರಿಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡನೆಯ ಸಲಕ್ಕೆ 400ರಲ್ಲಿ ಒಂದು ಪಾಲು, ಮೂರನೆಯ ಸಲಕ್ಕೆ 8,000ದಲ್ಲಿ ಒಂದು ಪಾಲು. ಇದೇ 900 ಮಿ.ಲೀ. ನೀರನ್ನು ಒಂದೇ ಸಲ ಸುರಿದಿದ್ದರೆ 60ರಲ್ಲಿ ಒಂದು ಪಾಲಿಗೆ ಮಾತ್ರ ಇಳಿಯುತ್ತಿತ್ತು. ಅನ್ನಕ್ಕೆ ಅಕ್ಕಿ ತೊಳೆಯುವಾಗ ಪಾತ್ರೆಯನ್ನು ನಲ್ಲಿಯ ಕೆಳಗೆ ಬಿಟ್ಟು ಹೋಗದೆ ಮೂರು ಸಲ ಬಸಿದು ನೀರು ಬದಲಿಸುವ ಜಾಣತನ ಇಲ್ಲಿಯೂ ನಡೆಯುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದುದು ಹಾಕುವ ನೀರಿಗಿಂತ ಹೆಚ್ಚಾಗಿ ಉಳಿಯುವ ನೀರನ್ನು. ಬೇಸರದಿಂದ ಟ್ಯಾಂಕನ್ನು ಪೂರ್ತಿ ಬಸಿಯದೆ 30 ಮಿ.ಲೀ. ಉಳಿಸಿದರೆ, ಮೂರು ಸಲ ತೊಳೆದ ಮೇಲೆ ಉಳಿಯುವುದು 1,000ದಲ್ಲಿ ಒಂದು ಪಾಲು. 15 ಉಳಿಸಿದವನಿಗೆ ಹೋಲಿಸಿದರೆ ಎಂಟು ಪಟ್ಟು ಹೆಚ್ಚು. ಅದೇ ಎಚ್ಚರದಿಂದ ಬಸಿದು 10 ಮಿ.ಲೀ.ಗೆ ಇಳಿಸಿದರೆ 27,000ದಲ್ಲಿ ಒಂದು ಪಾಲು. ಒಂದು ಹನಿ ನೀರನ್ನೂ ಹೆಚ್ಚಿಗೆ ಬಳಸದೆ, ಬರಿಯ ಅರ್ಧ ನಿಮಿಷದ ತಾಳ್ಮೆಯಿಂದ ಬರುವ ಲಾಭವಿದು. ಆದ್ದರಿಂದ ಪ್ರತಿ ಸಲವೂ ಟ್ಯಾಂಕನ್ನು ತಲೆಕೆಳಗು ಮಾಡಿ ಹರಿವು ನಿಂತ ಮೇಲೆ, ಎರಡು ಬಾರಿ ಮೆಲ್ಲಗೆ ಕೊಡವಿ, ಓರೆಯಾಗಿ ಹಿಡಿದು ಹನಿ ಹನಿಯಾಗಿ ಬೀಳುವುದೂ ನಿಲ್ಲುವವರೆಗೆ ಕಾಯಬೇಕು. ರೀಲು ಸಿಕ್ಕಿಸುವ ನಡುಗೊಳವೆಯ ಬುಡದಲ್ಲಿ ಮತ್ತು ಮುಚ್ಚಳದ ಒಳ ಅಂಚಿನಲ್ಲಿ ಸದ್ದಿಲ್ಲದೆ ಒಂದೆರಡು ಚಮಚ ದ್ರವ ಕೂತಿರುತ್ತದೆ. ಫಿಕ್ಸರ್ ಸುರಿದಾದ ಮೇಲೆ ಮುಚ್ಚಳವನ್ನು ತೆಗೆದು ಬೇರೆಯಾಗಿ ಒಮ್ಮೆ ಜಾಲಿಸಿಕೊಳ್ಳುವುದು ಒಳ್ಳೆಯದು.

ನಲ್ಲಿಯ ಕೆಳಗಿನ ತೆರೆದ ಟ್ಯಾಂಕಿನಲ್ಲಿ ಆಗುವುದೇ ಬೇರೆ. ಮೇಲಿನಿಂದ ಬಿದ್ದ ನೀರು ಮೇಲಿನಿಂದಲೇ ಉಕ್ಕಿ ಹೋಗುತ್ತದೆ. ಫಿಕ್ಸರ್ ಬೆರೆತ ನೀರು ಸ್ವಲ್ಪ ಭಾರವಾದ್ದರಿಂದ ತಳದಲ್ಲೇ ಉಳಿಯಲು ನೋಡುತ್ತದೆ. ಕೊಳವೆ ಸಿಕ್ಕಿಸಿ ನಡುಗೊಳವೆಯ ಮೂಲಕ ತಳಕ್ಕೆ ನೀರು ನೂಕುವ ಸಾಧನವಿದ್ದರೆ ಈ ದೋಷ ಕಡಿಮೆಯಾಗುತ್ತದೆ, ಆದರೆ ನೀರಿನ ಖರ್ಚು ಕಡಿಮೆಯಾಗುವುದಿಲ್ಲ.

ತೊಳೆಯುವ ಕೆಲಸ ಫಿಕ್ಸರಿನಲ್ಲೇ ಆರಂಭ

ಎಷ್ಟು ನೀರು ಸುರಿದರೂ ಹೋಗದಂಥ ಕೊಳೆಯೊಂದಿದೆ. ಹಳತಾಗಿ ಶಕ್ತಿಗುಂದಿದ ಫಿಕ್ಸರಿನಲ್ಲಿ ಬೆಳ್ಳಿಯ ಅಂಶ ಹೆಚ್ಚಾಗಿ, ನೀರಿನಲ್ಲಿ ಸುಲಭವಾಗಿ ಕರಗದ ಸಂಯುಕ್ತಗಳು ಎಮಲ್ಷನ್ನಿನಲ್ಲೇ ಉಳಿದುಬಿಡುತ್ತವೆ. ನೀರು ಉಳಿಸಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸ ಫಿಕ್ಸರಿನ ಪರೀಕ್ಷೆ. ಫಿಲ್ಮನ್ನು ರೀಲಿಗೆ ಸುತ್ತುವ ಮೊದಲು ಕತ್ತರಿಸಿ ತೆಗೆಯುವ ತುದಿಯ ತುಂಡನ್ನು ಬೆಳಕಿನಲ್ಲೇ ಫಿಕ್ಸರಿಗೆ ಹಾಕಿ, ಅದರ ಹಾಲು ಬಿಳುಪು ಪೂರ್ತಿ ಹೋಗಿ ಪಾರದರ್ಶಕವಾಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಬೇಕು. ಆ ಸಮಯದ ಎರಡರಷ್ಟು ಹೊತ್ತು ಫಿಲ್ಮನ್ನು ಫಿಕ್ಸ್ ಮಾಡಬೇಕು. ಟಿ-ಮ್ಯಾಕ್ಸ್, ಡೆಲ್ಟಾದಂಥ ಹೊಸ ಬಗೆಯ ಫಿಲ್ಮುಗಳಿಗೆ ಮೂರರಷ್ಟು ಕೊಡುವುದು ಕ್ಷೇಮ. ಹೊಸ ಫಿಕ್ಸರಿನಲ್ಲಿ ಇದೇ ತುಂಡು ತಿಳಿಯಾಗಲು ಹಿಡಿದಿದ್ದ ಸಮಯವನ್ನು ಬಾಟಲಿಯ ಮೇಲೆ ಬರೆದಿಟ್ಟುಕೊಂಡಿರಬೇಕು. ಅದರ ಎರಡರಷ್ಟು ಸಮಯ ಹಿಡಿಯತೊಡಗಿದ ದಿನ ಆ ಫಿಕ್ಸರಿನ ಆಯುಷ್ಯ ಮುಗಿಯಿತು.

ಪಟಿಕ ಸೇರಿಸಿ ಎಮಲ್ಷನ್ನನ್ನು ಗಟ್ಟಿ ಮಾಡುವ ಹಳೆಯ ಕಾಲದ ಹಾರ್ಡನಿಂಗ್ ಫಿಕ್ಸರನ್ನು ಬಳಸುವುದಾದರೆ ಇಲ್ಲಿ ಹೇಳಿರುವ ಕ್ರಮ ಸಾಲದು. ಗಟ್ಟಿಯಾದ ಜೆಲಟಿನ್ ಫಿಕ್ಸರನ್ನು ಬೇಗ ಬಿಟ್ಟುಕೊಡುವುದಿಲ್ಲ. ಈಗಿನ ಫಿಲ್ಮುಗಳು ಕಾರ್ಖಾನೆಯಲ್ಲೇ ಸಾಕಷ್ಟು ಗಟ್ಟಿಗೊಂಡು ಬರುವುದರಿಂದ ಹಾರ್ಡನರ್ ಇಲ್ಲದ ರ‍್ಯಾಪಿಡ್ ಫಿಕ್ಸರನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರ‍್ಯಾಪಿಡ್ ಫಿಕ್ಸರ್ ಬೇಗ ಕೆಲಸ ಮಾಡುತ್ತದೆ, ನೀರಿನಲ್ಲಿ ಬೇಗ ಬಿಟ್ಟೂ ಹೋಗುತ್ತದೆ. ಹಾಗೆಂದು ಗಂಟೆಗಟ್ಟಲೆ ಅದರಲ್ಲೇ ಬಿಟ್ಟರೆ ಚಿತ್ರದ ಬೆಳ್ಳಿಯನ್ನೂ ಮೆಲ್ಲನೆ ತಿನ್ನತೊಡಗುತ್ತದೆ.

ಯಾವ ನೀರು

ತೊಳೆಯಲು ಬೇಕಾದ ನೀರನ್ನು ಹಿಂದಿನ ರಾತ್ರಿಯೇ ತುಂಬಿಡಬೇಕು. ಇದಕ್ಕೆ ಕಾರಣಗಳು ಹಲವು. ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ತಣ್ಣನೆಯ ನೀರಿನಲ್ಲಿ ಗಾಳಿ ಕರಗಿರುತ್ತದೆ. ಅದು ಕೋಣೆಯ ಬಿಸುಪಿಗೆ ಬಂದಾಗ ಸಣ್ಣ ಗುಳ್ಳೆಗಳಾಗಿ ಫಿಲ್ಮಿನ ಮೈಗೆ ಅಂಟಿಕೊಂಡು, ಗುಳ್ಳೆ ಕೂತ ಜಾಗಕ್ಕೆ ನೀರು ತಾಗದಂತೆ ಮಾಡುತ್ತದೆ. ಮಳೆಗಾಲದಲ್ಲಿ ಬಾವಿಗೂ ಕೆಮ್ಮಣ್ಣಿನ ನೀರು ಇಳಿಯುತ್ತದೆ. ಅದರ ನುಣ್ಣನೆಯ ಮಣ್ಣು ನೆನೆದ ಎಮಲ್ಷನ್ನಿಗೆ ಕೂತರೆ ಒಣಗಿದ ಮೇಲೆ ಏನು ಮಾಡಿದರೂ ಬಿಡದು. ದೊಡ್ಡ ಪ್ರಿಂಟು ಮಾಡಿದಾಗ ಆಕಾಶದ ತುಂಬ ಬಿಳಿ ಚುಕ್ಕೆಗಳು. ಇಂಥ ನೀರನ್ನು ಪಟಿಕ ಆಡಿಸಿ ತಿಳಿ ಮಾಡುವ ಬದಲು ಒಂದು ರಾತ್ರಿ ತಾನಾಗಿ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ, ಒಗೆದ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿಕೊಳ್ಳಬೇಕು. ತೋಟದ ಮನೆಗಳಲ್ಲಿ ಕೈಗೆ ಸಿಗುವ ಡ್ರಮ್ಮು, ಬಕೆಟ್ಟುಗಳ ಪೂರ್ವಾಪರ ವಿಚಾರಿಸಿಕೊಳ್ಳುವುದೂ ಮುಖ್ಯ: ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕಲಸಿದ ಪಾತ್ರೆಯನ್ನು ಎಷ್ಟೇ ತಿಕ್ಕಿ ತೊಳೆದಿದ್ದರೂ ಡಾರ್ಕ್‌ರೂಮಿನೊಳಗೆ ತರಬಾರದು.

ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಉತ್ತಮ. ನೀರು ತಣ್ಣಗಾದಷ್ಟೂ ಜೆಲಟಿನ್ ಕಡಿಮೆ ಉಬ್ಬುತ್ತದೆ, ಥಯೋಸಲ್ಫೇಟ್ ಸರಿದು ಬರುವುದೂ ನಿಧಾನವಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಮಡಿಕೇರಿಯಲ್ಲಿ ನಲ್ಲಿಯ ನೀರು ಬೆರಳು ಮರಗಟ್ಟಿಸುವಷ್ಟು ತಣ್ಣಗಿರುತ್ತದೆ; ಆ ನೀರಿನಲ್ಲಿ ಮೇಲಿನ ಲೆಕ್ಕ ನಡೆಯುವುದಿಲ್ಲ. ಬಚ್ಚಲ ಹಂಡೆಯಲ್ಲಿ ಕಾದ ನೀರನ್ನು ಬೆರೆಸಿಕೊಳ್ಳಬಹುದು, ಆದರೆ ಒಲೆಯ ಬೂದಿ, ಮಸಿ ಅದರಲ್ಲಿ ಬಿದ್ದಿರುತ್ತದೆಯಾದ್ದರಿಂದ ಸೋಸದೆ ಬಳಸಬಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ಕುಶಾಲನಗರದ ಕಡೆ ತಾರಸಿಯ ಕಪ್ಪು ಟ್ಯಾಂಕಿನ ನೀರು ಬಿಸಿಯಾಗಿಯೇ ಇಳಿಯುತ್ತದೆ. ಅದರಲ್ಲಿ ಎಮಲ್ಷನ್ ಮೆತ್ತಗಾಗಿ ಉಗುರು ತಾಗಿದರೂ ಗೀರು ಬೀಳುತ್ತದೆ. ಅಂಥ ದಿನಗಳಿಗೆ ಮಣ್ಣಿನ ಮಡಕೆಯಲ್ಲಿ ಇಟ್ಟ ನೀರೇ ಸರಿ. ಫಿಕ್ಸರಿಗೂ ತೊಳೆಯುವ ನೀರಿಗೂ ಐದು ಡಿಗ್ರಿಗಿಂತ ಹೆಚ್ಚು ಅಂತರ ಬರದಂತೆ ನೋಡಿಕೊಳ್ಳಬೇಕು. ಫಿಕ್ಸರಿನ ಬಾಟಲಿಯನ್ನೂ ನೀರಿನ ಜಗ್ಗುಗಳನ್ನೂ ಒಂದೇ ದೊಡ್ಡ ಬೋಗುಣಿಯ ನೀರಿನಲ್ಲಿ ಒಂದು ಗಂಟೆ ನಿಲ್ಲಿಸಿದರೆ ಎಲ್ಲವೂ ಒಂದೇ ಮಟ್ಟಕ್ಕೆ ಬರುತ್ತವೆ, ಥರ್ಮಾಮೀಟರನ್ನು ಅಲ್ಲಿಂದಿಲ್ಲಿಗೆ ಅದ್ದುತ್ತ ಕೂರಬೇಕಾಗಿಲ್ಲ.

ತೊಳೆಯುವ ಕ್ರಮ

ಇಲ್ಫರ್ಡ್ ಕಂಪನಿ ಸುರುಳಿ ಟ್ಯಾಂಕುಗಳಿಗಾಗಿ, ಹಾರ್ಡನರ್ ಇಲ್ಲದ ಫಿಕ್ಸರ್ ಬಳಸುವವರಿಗಾಗಿ ಸೂಚಿಸಿರುವ ವಿಧಾನ ಸರಳವಾಗಿದೆ. ಫಿಕ್ಸರ್ ಬಸಿದ ಮೇಲೆ ಟ್ಯಾಂಕಿಗೆ ಹೊಸ ನೀರು ತುಂಬಿ, ಮುಚ್ಚಳ ಹಾಕಿ, ಐದು ಸಲ ತಲೆಕೆಳಗು ಮಾಡಿ ಚೆಲ್ಲುವುದು. ಮತ್ತೆ ತುಂಬಿ ಹತ್ತು ಸಲ ತಲೆಕೆಳಗು ಮಾಡಿ ಚೆಲ್ಲುವುದು. ಮೂರನೆಯ ಸಲ ತುಂಬಿ ಇಪ್ಪತ್ತು ಸಲ. ಮೊದಲ ನೀರಿಗೆ ಕೆಲಸ ಹೆಚ್ಚು, ಸಮಯ ಕಡಿಮೆ ಸಾಕು, ಏಕೆಂದರೆ ಒಳಗೂ ಹೊರಗೂ ಇರುವ ಅಂತರ ಆಗ ದೊಡ್ಡದು. ಅಂತರ ಕಿರಿದಾದಂತೆಲ್ಲ ಹೊತ್ತು ಹೆಚ್ಚು ಬೇಕಾಗುತ್ತದೆ. ತಲೆಕೆಳಗು ಮಾಡುವಾಗ ಅವಸರ ಕೂಡದು. ಟ್ಯಾಂಕನ್ನು ತಿರುಗಿಸಿ ಒಳಗಿನ ನೀರು ಗುಳುಗುಳು ಎಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಇಳಿಯುವುದನ್ನು ಕೇಳಿದ ಮೇಲೆಯೇ ನೆಟ್ಟಗೆ ಮಾಡಬೇಕು.

ಇದರ ಮೇಲೆ ನಾನು ಒಂದು ನೀರನ್ನು ಹೆಚ್ಚಿಗೆ ಸೇರಿಸುತ್ತೇನೆ. ನಾಲ್ಕನೆಯ ಸಲ ತುಂಬಿ, ಕೆಲವು ಸಲ ತಲೆಕೆಳಗು ಮಾಡಿ, ಐದು ನಿಮಿಷ ಸುಮ್ಮನೆ ಬಿಟ್ಟು, ಮತ್ತೊಮ್ಮೆ ತಿರುಗಿಸಿ ಚೆಲ್ಲುವುದು. ಜೆಲಟಿನ್ನಿನ ಆಳದಲ್ಲಿ ಉಳಿದ ಕೊನೆಯ ಅಂಶ ಹೊರಬರಲು ಈ ವಿರಾಮ ಸಹಾಯಕ. ನಮ್ಮ ತೇವದ ಹವೆಗೆ ಈ 300 ಮಿ.ಲೀ. ದುಂದಲ್ಲ ಎಂದು ನನ್ನ ಎಣಿಕೆ. ಕೊನೆಯ ಜಾಲನಕ್ಕೂ ಸೇರಿಸಿ ಒಂದು ರೋಲಿಗೆ ಒಟ್ಟು ಒಂದೂವರೆ ಲೀಟರ್ ಆಯಿತು. ಇನ್ನೂ ಅಗಲವಾದ 120 ಅಳತೆಯ ಫಿಲ್ಮಿಗೆ ಪ್ರತಿ ಸಲ 500 ಮಿ.ಲೀ. ಬೇಕಾಗುವುದರಿಂದ ಒಟ್ಟು ಎರಡೂವರೆ ಲೀಟರ್.

ಪುತ್ತರಿ ಹಬ್ಬದಲ್ಲೋ ಮದುವೆಯಲ್ಲೋ ತೆಗೆದ ಐದಾರು ರೋಲುಗಳನ್ನು ಒಂದೇ ದಿನ ಮಾಡುವಾಗ ಇನ್ನಷ್ಟು ಉಳಿಸುವ ದಾರಿಯಿದೆ. ಮೊದಲ ಫಿಲ್ಮಿನ ನಾಲ್ಕನೆಯ ನೀರು ಹೆಚ್ಚುಕಡಿಮೆ ಶುದ್ಧವಾಗಿಯೇ ಇರುತ್ತದೆ. ಅದನ್ನು ಚೆಲ್ಲದೆ ಜಗ್ಗಿನಲ್ಲಿಟ್ಟು ಎರಡನೆಯ ಫಿಲ್ಮಿನ ಮೊದಲ ನೀರಾಗಿ ಬಳಸಬಹುದು. ಕೊಳೆ ಹೆಚ್ಚಿರುವಾಗ ಬಳಸಿದ ನೀರು, ಕೊಳೆ ಕಡಿಮೆಯಾದಾಗ ಹೊಸ ನೀರು ಎಂಬ ಈ ನಿಯಮವನ್ನು ತಿರುಗುಮುರುಗು ಮಾಡಬಾರದು. ಕೊನೆಯ ಎರಡು ನೀರು ಯಾವಾಗಲೂ ಹೊಸದೇ ಆಗಿರಬೇಕು. ಹೀಗೆ ಉಳಿಸಿದ ನೀರನ್ನು ಮರುದಿನಕ್ಕೆ ಇಡುವುದೂ ಬೇಡ, ಜೆಲಟಿನ್ನಿನ ಅಂಶವಿರುವ ನೀರು ಬೇಗ ಲೋಳೆಗಟ್ಟುತ್ತದೆ.

ಸಲ್ಫೈಟಿನ ನೆರವು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳಲ್ಲಿ ಸಿಹಿನೀರಿಗೆ ಕೊರತೆಯಿದ್ದಾಗ ಸಮುದ್ರದ ನೀರಿನಲ್ಲಿ ತೊಳೆದ ಫಿಲ್ಮು ಬರಿಯ ಸಿಹಿನೀರಿಗಿಂತ ಬೇಗ ಹೈಪೋವನ್ನು ಬಿಟ್ಟುಕೊಡುವುದು ಉಪಯೋಗಕ್ಕೆ ಬಂತು. ನೀರಿನಲ್ಲಿರುವ ಲವಣ ಜೆಲಟಿನ್ನಿಗೆ ಅಂಟಿಕೊಂಡ ಥಯೋಸಲ್ಫೇಟಿನ ಜಾಗವನ್ನು ಹಿಡಿದು ಅದನ್ನು ಹೊರದಬ್ಬುತ್ತದೆ. ಸಮುದ್ರದ ಉಪ್ಪು ಫಿಲ್ಮಿನಲ್ಲಿ ಉಳಿದರೆ ಅದೂ ಹಾನಿಯೇ ಆದ್ದರಿಂದ, ಅದರ ಬದಲು ಸೋಡಿಯಂ ಸಲ್ಫೈಟ್ ಬಳಸುವ ಪದ್ಧತಿ ಬಂದಿತು. ಕೊಡಾಕ್ ಕಂಪನಿಯ ಹೈಪೋ ಕ್ಲಿಯರಿಂಗ್ ಏಜೆಂಟ್ ಇದೇ ತತ್ತ್ವದ ಮೇಲೆ ನಿಂತಿದೆ. ಮನೆಯಲ್ಲಿ ಮಾಡಿಕೊಳ್ಳುವುದಾದರೆ ಒಂದು ಲೀಟರ್ ನೀರಿಗೆ 20 ಗ್ರಾಂ ನಿರ್ಜಲ ಸೋಡಿಯಂ ಸಲ್ಫೈಟ್ ಕರಗಿಸಿದರೆ ಸಾಕು. ಮೊದಲ ನೀರಿನ ನಂತರ ಇದನ್ನು ಟ್ಯಾಂಕಿಗೆ ಹಾಕಿ ಎರಡು ನಿಮಿಷ ಆಡಿಸಿ, ಬಸಿದು, ಉಳಿದ ಮೂರು ನೀರುಗಳನ್ನು ಯಥಾಪ್ರಕಾರ ಕೊಡಬೇಕು. ಗಾಳಿಗೆ ತೆರೆದಿಟ್ಟ ಸಲ್ಫೈಟ್ ದ್ರಾವಣ ಸಲ್ಫೇಟಾಗಿ ಮಾರ್ಪಟ್ಟು ನಿಷ್ಪ್ರಯೋಜಕವಾಗುವುದರಿಂದ ಆಯಾ ದಿನಕ್ಕೆ ಬೇಕಾದಷ್ಟೇ ಕರಗಿಸಿಕೊಳ್ಳಬೇಕು.

ರ‍್ಯಾಪಿಡ್ ಫಿಕ್ಸರ್ ಬಳಸಿ, 20 ಡಿಗ್ರಿಯ ನೀರಿನಲ್ಲಿ, ಚೆನ್ನಾಗಿ ಬಸಿದು ತೊಳೆಯುವವರಿಗೆ ಇದು ಅನಿವಾರ್ಯವಲ್ಲ. ಚಳಿಗಾಲದಲ್ಲಿ ನೀರನ್ನು ಬೆಚ್ಚಗೆ ಮಾಡಿಕೊಳ್ಳಲು ಆಗದಿದ್ದಾಗ ಅಥವಾ ಹಾರ್ಡನರ್ ಇರುವ ಫಿಕ್ಸರೇ ಕೈಯಲ್ಲಿದ್ದಾಗ ಮಾತ್ರ ನಾನಿದನ್ನು ಬಳಸಲು ಹೇಳುತ್ತೇನೆ.

ತೊಳೆದದ್ದು ಸಾಕೇ ಎಂದು ತಿಳಿಯುವುದು

ಮೆಡಿಕಲ್ ಶಾಪಿನಲ್ಲಿ ಸಿಗುವ ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ ಒಂದು ಸುಲಭ ಪರೀಕ್ಷೆ ಮಾಡಬಹುದು. ಬಟ್ಟಿ ಇಳಿಸಿದ ನೀರಿಗೆ ಒಂದೆರಡು ಹರಳು ಮಾತ್ರ ಹಾಕಿ, ತಿಳಿ ನೇರಳೆ ಬಣ್ಣ ಬರುವಂತೆ ಕಲಸಿಕೊಳ್ಳಬೇಕು. ಬಣ್ಣ ಗಾಢವಾದರೆ ಪರೀಕ್ಷೆ ಸೂಕ್ಷ್ಮವಾಗಿರುವುದಿಲ್ಲ. ಇದನ್ನು ಎರಡು ಗಾಜಿನ ಲೋಟಗಳಿಗೆ ಸಮನಾಗಿ ಹಾಕಿ ಬಿಳಿ ಕಾಗದದ ಮೇಲಿಡಬೇಕು. ನಾಲ್ಕನೆಯ ನೀರಿನಲ್ಲಿ ಐದು ನಿಮಿಷ ನಿಂತ ಫಿಲ್ಮಿನಿಂದ ತೊಟ್ಟಿಕ್ಕುವ ನೀರನ್ನು ಒಂದು ಲೋಟಕ್ಕೆ ಹಿಡಿದು, ತೊಳೆಯಲು ಬಳಸಿದ ಅದೇ ಬರಿಯ ನೀರಿನ ಅಷ್ಟೇ ಹನಿಗಳನ್ನು ಇನ್ನೊಂದಕ್ಕೆ ಹಾಕಬೇಕು. ಎರಡರಲ್ಲೂ ಬಣ್ಣ ಒಂದೇ ಸಮನೆ ಉಳಿದರೆ ಕೆಲಸ ಮುಗಿದಿದೆ. ಫಿಲ್ಮಿನ ನೀರು ಬಿದ್ದ ಲೋಟ ಮಾತ್ರ ನೇರಳೆ ಕಳೆದುಕೊಂಡು ಹಳದಿ ಕಂದಿಗೆ ತಿರುಗಿದರೆ ಇನ್ನೊಂದು ನೀರು ಕೊಡಬೇಕು. ಎರಡನೆಯ ಲೋಟವನ್ನು ಬಿಟ್ಟುಬಿಡಬಾರದು. ನಮ್ಮ ಕೆಲವು ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ, ಕೆರೆಯ ನೀರಿನಲ್ಲಿ ಕೊಳೆತ ಎಲೆಯ ಅಂಶವಿರುತ್ತದೆ, ಇವೆರಡೂ ಹೈಪೋ ಇಲ್ಲದೆಯೇ ಪರ್ಮಾಂಗನೇಟಿನ ಬಣ್ಣ ಕೆಡಿಸುತ್ತವೆ. ಸಲ್ಫೈಟೂ ಹಾಗೆಯೇ ಮಾಡುತ್ತದೆ.

ಈ ಪರೀಕ್ಷೆ ತೋರಿಸುವುದು ಹೊರಬಂದ ನೀರಿನ ಸ್ಥಿತಿಯನ್ನು. ಎಮಲ್ಷನ್ನಿನೊಳಗೇ ಉಳಿದಿರುವುದನ್ನು ನೋಡಬೇಕೆಂದರೆ ಸಿಲ್ವರ್ ನೈಟ್ರೇಟ್ ಬೇಕು. 28 ಶೇಕಡಾ ಅಸಿಟಿಕ್ ಆಮ್ಲ 12.5 ಮಿ.ಲೀ., ಸಿಲ್ವರ್ ನೈಟ್ರೇಟ್ 0.75 ಗ್ರಾಂ, ಒಟ್ಟು 100 ಮಿ.ಲೀ. ಆಗುವಷ್ಟು ಬಟ್ಟಿ ಇಳಿಸಿದ ನೀರು; ಇದರ ಒಂದು ಹನಿಯನ್ನು ಫಿಲ್ಮಿನ ತುದಿಯ ಖಾಲಿ ಜಾಗದಲ್ಲಿ ಇಟ್ಟು ಎರಡು ಮೂರು ನಿಮಿಷದ ನಂತರ ಒರೆಸಿದಾಗ ಹನಿ ಕೂತಲ್ಲಿ ಕಂದು ಕಲೆ ಎದ್ದರೆ ತೊಳೆತ ಸಾಲದು, ಕಂಡೂ ಕಾಣದಷ್ಟಿದ್ದರೆ ಸಾಕು. ಸಿಲ್ವರ್ ನೈಟ್ರೇಟ್ ದುಬಾರಿ, ಬೆರಳಿಗೆ ತಾಗಿದರೆ ವಾರಗಟ್ಟಲೆ ಹೋಗದ ಕಪ್ಪು ಕಲೆ ಮಾಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಹೊಸ ಕ್ರಮಕ್ಕೆ ಬದಲಾಗುವಾಗ ಒಮ್ಮೆ ಇದನ್ನು ಮಾಡಿ ಮನಸ್ಸು ಸಮಾಧಾನಪಡಿಸಿಕೊಂಡರೆ ಆಮೇಲೆ ಪರ್ಮಾಂಗನೇಟ್ ಸಾಕಾಗುತ್ತದೆ.

ಕೊನೆಯ ಜಾಲನ, ಒಣಗಿಸುವುದು

ಕೊನೆಯ ಜಾಲನಕ್ಕೆ ಲವಣಗಳಿಲ್ಲದ ನೀರು ಬೇಕು. ಹನಿ ಒಣಗಿದ ಕಡೆ ಸುಣ್ಣದ ಉಂಗುರ ಉಳಿಯಬಾರದು. ಇದಕ್ಕೆ ಕೊಡಗಿನಲ್ಲಿ ಮಳೆನೀರಿಗಿಂತ ಉತ್ತಮವಾದುದು ಬೇರಿಲ್ಲ. ಮಳೆಗಾಲದ ಮೊದಲ ಕೆಲವು ದಿನಗಳು ಕಳೆದ ಮೇಲೆ, ಹೆಂಚಿನ ಮಾಡಿನ ಅಂಚಿನಿಂದ ಹಿಡಿಯದೆ ಅಂಗಳದ ನಡುವೆ ಇಟ್ಟ ಅಗಲವಾದ ಪಾತ್ರೆಯಲ್ಲಿ ನೇರವಾಗಿ ಬಿದ್ದ ನೀರನ್ನು ಹಿಡಿದು, ಫಿಲ್ಟರ್ ಕಾಗದದಲ್ಲಿ ಸೋಸಿ, ಗಾಜಿನ ಬಾಟಲಿಗಳಲ್ಲಿ ಕತ್ತಲಲ್ಲಿ ಇಟ್ಟರೆ ಬೇಸಗೆಯವರೆಗೂ ಬರುತ್ತದೆ. ಇಷ್ಟು ಮೃದುವಾದ ನೀರಿನಲ್ಲಿ ಜೆಲಟಿನ್ ಹೆಚ್ಚು ಉಬ್ಬುತ್ತದೆ ಎಂಬುದನ್ನು ನೆನಪಿಟ್ಟು ಫಿಲ್ಮಿನ ಮೈಯನ್ನು ಮುಟ್ಟದಿರಬೇಕು. ಫೋಟೋ-ಫ್ಲೋ, ಇಲ್ಫೋಟಾಲ್‌ನಂಥ ವೆಟಿಂಗ್ ಏಜೆಂಟನ್ನು (ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುವ ದ್ರವವನ್ನು) ಲೀಟರಿಗೆ 5 ಮಿ.ಲೀ. ಪ್ರಮಾಣದಲ್ಲಿ ಸೇರಿಸುವುದು ರೂಢಿ. 300 ಮಿ.ಲೀ. ನೀರಿಗೆ ಇದು ಒಂದೂವರೆ ಮಿ.ಲೀ. ಮಾತ್ರ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಬೇಕು. ಮಳೆನೀರಾದರೆ ಅದರ ಅರ್ಧವೂ ಸಾಕು. ಹೆಚ್ಚಾದರೆ ಫಿಲ್ಮಿನ ಮೇಲೆ ಜಿಡ್ಡು ಕಲೆ ಉಳಿಯುತ್ತದೆ. ಪಾತ್ರೆ ತೊಳೆಯುವ ಸೋಪನ್ನು ಬದಲಿಗೆ ಬಳಸಬಾರದು, ಅದರಲ್ಲಿ ಬಣ್ಣ, ಸುವಾಸನೆಯ ವಸ್ತುಗಳಿರುತ್ತವೆ. ಕೊನೆಯ ಜಾಲನವನ್ನು ಟ್ಯಾಂಕಿನಲ್ಲಿ ಮಾಡದೆ, ಫಿಲ್ಮನ್ನು ರೀಲಿನಿಂದ ಬಿಡಿಸಿ ಬೋಗುಣಿಯಲ್ಲಿ ಮಾಡಿದರೆ ರೀಲಿನ ಜಾಡಿಗೆ ನೊರೆ ಹಿಡಿದು ಮುಂದಿನ ಫಿಲ್ಮು ಸಿಕ್ಕಿಕೊಳ್ಳುವ ಕಾಟ ತಪ್ಪುತ್ತದೆ.

ಒಣಗಿಸಲು ಸ್ನಾನ ಮುಗಿದ ಬಚ್ಚಲುಮನೆ ಒಳ್ಳೆಯ ಜಾಗ. ಹಬೆಗೆ ಧೂಳು ಕೂತಿರುತ್ತದೆ. ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ ಅಂಗಳದ ಕಡೆಯ ಕಿಟಕಿ ಮುಚ್ಚಿರಬೇಕು. ಮೊದಲ ಮಳೆ ಬಿದ್ದ ಸಂಜೆಯಂತೂ ದೀಪ ಹಾಕಿದ ಕೋಣೆಯಲ್ಲಿ ಫಿಲ್ಮ್ ತೂಗುಹಾಕಬೇಡಿ: ಮಳೆಹುಳುಗಳು ಬಂದು ಒದ್ದೆ ಜೆಲಟಿನ್ನಿಗೆ ರೆಕ್ಕೆ ಸಮೇತ ಅಂಟುತ್ತವೆ, ಕಿತ್ತರೆ ಹುಳುವಿನ ಜೊತೆ ಎಮಲ್ಷನ್ನೂ ಬರುತ್ತದೆ. ಜುಲೈ, ಆಗಸ್ಟಿನಲ್ಲಿ ಒಂದು ರಾತ್ರಿ ಸಾಲದು. ಫಿಲ್ಮಿನ ಕೆಳತುದಿ ಬೆರಳಿಗೆ ಮೆತ್ತಗೆ ತಾಗುತ್ತಿರುವವರೆಗೂ ಕತ್ತರಿಸಿ ಕವರಿಗೆ ಹಾಕಬಾರದು.

ಬಳಸಿದ ನೀರು

ಮುಗಿದ ಫಿಕ್ಸರಿನಲ್ಲಿ ಕರಗಿದ ಬೆಳ್ಳಿ ಇರುತ್ತದೆ, ಅದು ಮೀನು ಮತ್ತಿತರ ಜಲಜೀವಿಗಳಿಗೆ ವಿಷ. ಇಲ್ಲಿಯ ತೋಡುಗಳಲ್ಲಿ ಹೆಚ್ಚಿನವು ಕಾವೇರಿಗೆ ಸೇರುವಂಥವು, ಬಚ್ಚಲಿನ ನೀರಿಂಗುವ ಗುಂಡಿಗೂ ಬಾವಿಗೂ ಎಷ್ಟೋ ಮನೆಗಳಲ್ಲಿ ಹೆಚ್ಚು ದೂರವಿರುವುದಿಲ್ಲ. ಆದ್ದರಿಂದ ಮುಗಿದ ಫಿಕ್ಸರನ್ನು ಯಾವ ಕಾರಣಕ್ಕೂ ಚರಂಡಿಗೆ ಸುರಿಯಬಾರದು. ತುಂಬಿ ಚೆಲ್ಲುವ ಕ್ರಮದ ಒಂದು ಅನುಕೂಲ ಇಲ್ಲಿ ಕಾಣುತ್ತದೆ: ಫಿಲ್ಮಿನ ಜೊತೆ ಬಂದ ಫಿಕ್ಸರಿನ ಬಹುಪಾಲು ಮೊದಲ 300 ಮಿ.ಲೀ.ನಲ್ಲೇ ಇಳಿದಿರುತ್ತದೆಯಾದ್ದರಿಂದ ಆ ನೀರನ್ನೂ ಅದೇ ಕ್ಯಾನಿಗೆ ಸೇರಿಸಿಡಬಹುದು. ನಲ್ಲಿಯ ಕೆಳಗೆ ತೊಳೆದಿದ್ದರೆ 150 ಲೀಟರನ್ನು ಯಾವ ಕ್ಯಾನಿನಲ್ಲಿ ಹಿಡಿಯುವುದು? ಕ್ಯಾನಿನ ಮೇಲೆ ದೊಡ್ಡದಾಗಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಲ್ಲಿ, ಗಾಳಿಯಾಡುವ ಕಡೆ ಇಡಬೇಕು. ಹಳೆಯ ಎಕ್ಸ್‌ರೇ ಫಿಲ್ಮು, ಹೈಪೋ ಕೊಂಡು ಬೆಳ್ಳಿ ತೆಗೆಯುವವರು ನಗರಗಳಲ್ಲಿದ್ದಾರೆ. ಕ್ಯಾನು ತುಂಬಿದಾಗ ಅವರಿಗೆ ಮುಟ್ಟಿಸಬಹುದು. ಎರಡನೆಯ ನೀರಿನಿಂದ ಮುಂದಿನವನ್ನು ಒಂದು ಬಕೆಟ್ಟಿಗೆ ಸುರಿದಿಟ್ಟರೆ ಶೌಚಾಲಯಕ್ಕೆ ಹಾಕಲು ಆಗುತ್ತದೆ. ಕರಿಮೆಣಸಿನ ಬಳ್ಳಿಯ ಬುಡಕ್ಕೋ ಹೂಗಿಡದ ಕುಂಡಕ್ಕೋ ಅದನ್ನು ಹಾಕುವುದು ಬೇಡ.